ಬೆಳಿಗ್ಗೆ ಏಳೂಕಾಲಕ್ಕೆ ಸರಿಯಾಗಿ ವೈಫೈ ಕೈಕೊಡುತ್ತಿದೆ, ಯಾಕಿರಬಹುದು?

ಮೈಸೂರ್‌ಹುಡುಗ:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒದ್ದಾಡುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕುವೆಂಪುನಗರದಲ್ಲಿ. ಫೈಬರ್ ಕನೆಕ್ಷನ್, 50 ಎಂಬಿಪಿಎಸ್ ಪ್ಲಾನ್. ಮೋಡೆಮ್ ಹಾಲ್‌ನಲ್ಲಿ ಟಿವಿ ಸ್ಟ್ಯಾಂಡ್ ಮೇಲಿದೆ. ನನ್ನ ಹೆಂಡತಿ ಹಿಂದಿನ ರೂಮಿನಲ್ಲಿ ಕೂತು ಬೆಳಿಗ್ಗೆ 7ರಿಂದ 8ರವರೆಗೆ ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ಲ್ಯಾಪ್‌ಟಾಪ್‌ನಲ್ಲಿ ವೀಣೆ ಪಾಠ ಹೇಳಿಕೊಡುತ್ತಾಳೆ. ಏಳೂಕಾಲು ಆಯಿತು ಅಂದರೆ ಶುರು. ಮೊದಲು ಚಿತ್ರ ನಿಲ್ಲುತ್ತದೆ, ಆಮೇಲೆ ದನಿ ತುಂಡು ತುಂಡಾಗುತ್ತದೆ. ತಂತಿ ಎಳೆದು ಒಂದು ಗಮಕ ತೋರಿಸಿದರೆ ಆ ಕಡೆ ಮಗುವಿಗೆ ಮೊದಲ ಮೀಟು ಮಾತ್ರ ಕೇಳಿಸುತ್ತದೆ, ಎಳೆದಿದ್ದು ಕೇಳಿಸುವುದೇ ಇಲ್ಲ. ಪಾಠದಲ್ಲಿ ಮುಖ್ಯವಾಗಿರುವುದೇ ಅದು. ಏಳೂಮುಕ್ಕಾಲಿನ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ.

ಕಂಪನಿಯವರು ಎರಡು ಸಲ ಬಂದು ನೋಡಿದರು. ಎರಡು ಸಲವೂ ಹನ್ನೊಂದು ಗಂಟೆಗೆ ಬಂದರು, ಆಗ ಎಲ್ಲ ಸರಿಯಾಗಿತ್ತು. ಲೈನ್ ಚೆನ್ನಾಗಿದೆ ಅಂತ ಹೇಳಿ ಹೋದರು. ನಾನು ಮೋಡೆಮ್ ರೀಸೆಟ್ ಮಾಡಿದ್ದೇನೆ, ಚಾನೆಲ್ 6ರಿಂದ 1ಕ್ಕೆ, ಆಮೇಲೆ 11ಕ್ಕೆ ಬದಲಾಯಿಸಿದ್ದೇನೆ. ಮೊಬೈಲ್‌ನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದರೆ 11ರಲ್ಲಿ ಅಕ್ಕಪಕ್ಕದ ಮನೆಯವರ ಯಾವ ವೈಫೈಯೂ ಇಲ್ಲ. ಸಿಗ್ನಲ್ ಕಡ್ಡಿ ಪೂರ್ತಿ ತೋರಿಸುತ್ತದೆ. ಆದರೂ ಹೀಗೆ.

ಕಡಲತೀರ:

ಬೆಳಿಗ್ಗೆ ಆ ಹೊತ್ತಿಗೆ ನಿಮ್ಮ ಬೀದಿಯವರೆಲ್ಲ ಒಟ್ಟಿಗೆ ನೆಟ್ ಬಳಸುತ್ತಾರೆ ಅನಿಸುತ್ತದೆ. ಪ್ಲಾನ್ 100ಕ್ಕೆ ಏರಿಸಿ ನೋಡಿ.

ನೆಟ್‌ಗಣಿತ:

ಪ್ಲಾನ್‌ಗೆ ಈಗಲೇ ದುಡ್ಡು ಹಾಕಬೇಡಿ. ಎಲ್ಲರೂ ಬಳಸುವ ಹೊತ್ತು ಅಂದರೆ ರಾತ್ರಿ ಎಂಟು ಒಂಬತ್ತಕ್ಕೂ ಹೀಗೇ ಆಗಬೇಕಿತ್ತು, ಅಲ್ವಾ?

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಹೋಗುತ್ತಿರುವುದು ಇಂಟರ್ನೆಟ್ಟಾ, ವೈಫೈಯಾ? ಎರಡೂ ಬೇರೆ. ಲ್ಯಾಪ್‌ಟಾಪ್‌ನಿಂದ ಮೋಡೆಮ್‌ವರೆಗಿನದು ವೈಫೈ, ಮೋಡೆಮ್‌ನಿಂದ ಆಚೆಗಿನದು ಇಂಟರ್ನೆಟ್. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಪಿಂಗ್ ಅಂತ ಬರೆದು, ಮೋಡೆಮ್‌ನ ವಿಳಾಸ ಕೊಟ್ಟು, ಕೊನೆಗೆ ಅಡ್ಡಗೆರೆ ಹಾಕಿ ಇಂಗ್ಲಿಷಿನ ಟಿ ಅಕ್ಷರ ಸೇರಿಸಿ ಓಡಲು ಬಿಡಿ. ವಿಳಾಸ ಸಾಮಾನ್ಯವಾಗಿ 192.168.1.1 ಇರುತ್ತದೆ, ಮೋಡೆಮ್‌ನ ತಳದ ಚೀಟಿಯಲ್ಲಿ ನೋಡಿಕೊಳ್ಳಿ. ಪಿಂಗ್ ಅಂದರೆ ಮೋಡೆಮ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುವುದು. ನಾಳೆ 7ರಿಂದ 8ರವರೆಗೆ ಅದನ್ನು ನಿಲ್ಲಿಸಬೇಡಿ. ಇನ್ನೊಂದು ಲ್ಯಾಪ್‌ಟಾಪ್ ಇದ್ದರೆ ಅದನ್ನು ಲ್ಯಾನ್ ಕೇಬಲ್‌ನಲ್ಲಿ ಮೋಡೆಮ್‌ಗೆ ಸಿಕ್ಕಿಸಿ, ಅದರಲ್ಲೂ ಇದೇ ಓಡಿಸಿ. ಎರಡನ್ನೂ ಹೋಲಿಸಿ ಹೇಳಿ.

ಮೋಡೆಮ್ ಅಕ್ಕಪಕ್ಕ ಏನೇನಿದೆ ಅಂತಲೂ ಬರೆಯಿರಿ. ಒಂದನ್ನೂ ಬಿಡಬೇಡಿ.

ಮೈಸೂರ್‌ಹುಡುಗ:

ಇವತ್ತು ಬೆಳಿಗ್ಗೆ ಮಾಡಿದೆ ಸರ್. 7:14ರವರೆಗೆ ವೈಫೈ ಲ್ಯಾಪ್‌ಟಾಪ್‌ನಲ್ಲಿ 2, 3 ಮಿಲಿಸೆಕೆಂಡ್ ಬರುತ್ತಿತ್ತು. 7:16ಕ್ಕೆ 400, 870, ಆಮೇಲೆ ಉತ್ತರವೇ ಇಲ್ಲ, ಮತ್ತೆ 600. ಆ ಹೊತ್ತಿನ 100 ಪಿಂಗ್ ಎಣಿಸಿದೆ, 31 ಕಳೆದುಹೋಗಿವೆ. ಕೇಬಲ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಉದ್ದಕ್ಕೂ 1 ಮಿಲಿಸೆಕೆಂಡ್ ಒಳಗೇ ಇತ್ತು, ಒಂದೂ ಹೋಗಿಲ್ಲ. ಅಂದರೆ ಕಂಪನಿಯವರು ಹೇಳಿದ್ದು ನಿಜ, ಲೈನ್ ಸರಿಯಿದೆ. ನಾನು ಅವರ ಮೇಲೆ ರೇಗಿದ್ದೆ, ಅದು ನನ್ನ ತಪ್ಪು.

ಮೋಡೆಮ್ ಪಕ್ಕದಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಬ್ಲೂಟೂತ್ ಸ್ಪೀಕರ್, ಅಮ್ಮನ ಕಾರ್ಡ್‌ಲೆಸ್ ಫೋನಿನ ಬೇಸ್. ಫೋನ್ ಬಂದು ಒಂದು ತಿಂಗಳಾಗಿಲ್ಲ.

ನೆಟ್‌ಗಣಿತ:

ಅಮ್ಮ ದಿನಾ ಏಳೂಕಾಲಕ್ಕೆ ಫೋನಿನಲ್ಲಿ ಮಾತಾಡುತ್ತಾರಾ?

ಮೈಸೂರ್‌ಹುಡುಗ:

ಹೌದು!! ಅಕ್ಕ ಧಾರವಾಡದಲ್ಲಿ ಟೀಚರ್. ಶಾಲೆಗೆ ಹೊರಡುವ ಮೊದಲು ದಿನಾ ಅದೇ ಹೊತ್ತಿಗೆ ಮನೆಯ ನಂಬರ್‌ಗೆ ಮಾಡುತ್ತಾಳೆ. ಇದು ನನಗೆ ಹೊಳೆಯಲೇ ಇಲ್ಲ.

ಈಗ ತಾನೇ ಪರೀಕ್ಷೆ ಮಾಡಿದೆ. ಪಿಂಗ್ ಓಡಲು ಬಿಟ್ಟು ನನ್ನ ಮೊಬೈಲ್‌ನಿಂದ ಮನೆ ಫೋನಿಗೆ ಕರೆ ಮಾಡಿದೆ. ಅಮ್ಮ ಅಡುಗೆಮನೆಯಿಂದ ಎತ್ತಿದರು. ಸುಮ್ಮನೆ ಏನಾದರೂ ಮಾತಾಡ್ತಾ ಇರಿ ಅಮ್ಮ ಅಂದೆ, ಮಧ್ಯಾಹ್ನಕ್ಕೆ ಹುರುಳಿಕಾಳು ನೆನೆ ಹಾಕಿದ್ದೀನಿ ಅಂತ ಹೇಳತೊಡಗಿದರು. ಪರದೆ ಮೇಲೆ 3, 3, 2 ಅಂತ ಇದ್ದದ್ದು 510, 940 ಆಯಿತು. ಅವರು ಕೆಂಪು ಬಟನ್ ಒತ್ತಿದ ಮರುಕ್ಷಣ ಮತ್ತೆ 3. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹಾಗೇ. ಬೇಸ್ ತಿರುಗಿಸಿ ಚೀಟಿ ನೋಡಿದರೆ 2.4 ಗಿಗಾಹರ್ಟ್ಜ್ ಅಂತ ಇದೆ.

ಆದರೆ ಒಂದು ಕೇಳಬೇಕು. ಚಾನೆಲ್ ಬದಲಾಯಿಸಿದರೂ ಯಾಕೆ ಪ್ರಯೋಜನ ಆಗಲಿಲ್ಲ? ಆ ಆ್ಯಪ್‌ನಲ್ಲಿ ಯಾಕೆ ಏನೂ ಕಾಣಿಸಲಿಲ್ಲ?

ನೆಟ್‌ಗಣಿತ:

ಒಳ್ಳೆಯ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

2400ರಿಂದ 2483.5 ಮೆಗಾಹರ್ಟ್ಜ್ ತನಕದ ಜಾಗಕ್ಕೆ, ಅಂದರೆ ನಿಮ್ಮ ಚೀಟಿಯಲ್ಲಿರುವ 2.4 ಗಿಗಾಹರ್ಟ್ಜ್ ರೇಡಿಯೋ ಪಟ್ಟಿಗೆ, ಲೈಸೆನ್ಸ್ ಬೇಕಿಲ್ಲ. ನಮ್ಮ ದೇಶದಲ್ಲಿ 2005ರಲ್ಲಿ ಅದನ್ನು ಹೀಗೆ ಬಿಟ್ಟುಕೊಟ್ಟರು. ಅದಕ್ಕೇ ವೈಫೈ, ಬ್ಲೂಟೂತ್, ಕಾರ್ಡ್‌ಲೆಸ್ ಫೋನ್, ವೈರ್‌ಲೆಸ್ ಮೌಸ್ ಎಲ್ಲ ಅಲ್ಲೇ ಸೇರಿಕೊಂಡಿವೆ. ಒಟ್ಟು 83.5 ಮೆಗಾಹರ್ಟ್ಜ್ ಜಾಗ, ಒಂದೊಂದು ವೈಫೈ ಚಾನೆಲ್ ಸುಮಾರು 20 ನುಂಗುತ್ತದೆ. ಚಾನೆಲ್ 1ರ ನಡುಮಧ್ಯ 2412, 6ರದ್ದು 2437, 11ರದ್ದು 2462. ಒಂದರ ಮೇಲೊಂದು ಬೀಳದಂತೆ 1, 6, 11 ಬಳಸಿ ಅನ್ನುವುದು ಇದಕ್ಕೇ.

ಹಳೆಯ ಅನಲಾಗ್ ಕಾರ್ಡ್‌ಲೆಸ್ ಆಗಿದ್ದರೆ ಒಂದೇ ಜಾಗದಲ್ಲಿ ಕೂತಿರುತ್ತಿತ್ತು, ನೀವು ಚಾನೆಲ್ ಬದಲಾಯಿಸಿ ತಪ್ಪಿಸಿಕೊಳ್ಳಬಹುದಿತ್ತು. ನಿಮ್ಮದು ಡಿಜಿಟಲ್. ಅದು ಸೆಕೆಂಡಿಗೆ ಹತ್ತಾರು ಸಲ ಜಾಗ ಬದಲಿಸುತ್ತಾ ಇಡೀ ಪಟ್ಟಿಯ ಮೇಲೆ ಹಾರಾಡುತ್ತದೆ. ನೀವು 1ಕ್ಕೆ ಹೋದರೆ ಅಲ್ಲಿಗೂ ಬರುತ್ತದೆ, 11ಕ್ಕೆ ಹೋದರೆ ಅಲ್ಲಿಗೂ ಬರುತ್ತದೆ.

ಇನ್ನೊಂದು ವಿಷಯ. ವೈಫೈ ಮಾತಾಡುವ ಮೊದಲು ಕಿವಿಗೊಡುತ್ತದೆ. ಬೇರೆ ಯಾರೋ ಮಾತಾಡುತ್ತಿದ್ದರೆ ಸುಮ್ಮನಿದ್ದು ಕಾಯುತ್ತದೆ. ಕಾರ್ಡ್‌ಲೆಸ್ ಹಾಗೆ ಕಾಯುವುದಿಲ್ಲ, ತನ್ನ ಸಮಯಕ್ಕೆ ತಾನು ಕಳಿಸುತ್ತಲೇ ಇರುತ್ತದೆ. ಆಗ ವೈಫೈ ಒಂದೋ ಕಾಯಬೇಕು, ಇಲ್ಲ ಕೆಟ್ಟುಹೋದದ್ದನ್ನು ಮತ್ತೆ ಕಳಿಸಬೇಕು. ಸಿನಿಮಾ ನೋಡುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಮುಂದಿನ ಭಾಗ ಮೊದಲೇ ಬಂದು ಕೂತಿರುತ್ತದೆ. ನೇರ ಪಾಠದಲ್ಲಿ ತಡವಾಗಿ ಬಂದ ದನಿಯನ್ನು ಬಿಸಾಡಬೇಕಾಗುತ್ತದೆ. ಗಮಕ ಹೋಗುತ್ತಿದ್ದದ್ದು ಹೀಗೆ.

ಸಿಗ್ನಲ್ ಕಡ್ಡಿ ಪೂರ್ತಿ ಇತ್ತು ಅಂದಿರಿ. ಕಡ್ಡಿ ಹೇಳುವುದು ಮೋಡೆಮ್‌ನ ದನಿ ಎಷ್ಟು ಜೋರು ಅಂತ ಮಾತ್ರ. ಸುತ್ತ ಎಷ್ಟು ಗದ್ದಲ ಇದೆ ಅಂತ ಹೇಳುವುದಿಲ್ಲ. ಆ ಆ್ಯಪ್ ಕೂಡ ವೈಫೈ ಹೆಸರುಗಳನ್ನು ಮಾತ್ರ ಹುಡುಕುತ್ತದೆ, ಫೋನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಕಡಲತೀರ:

ನಾನು ಪ್ಲಾನ್ ಏರಿಸಿ ಅಂದದ್ದು ತಪ್ಪಾಯಿತು, ಕ್ಷಮಿಸಿ. ಆದರೆ ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕಾರ್ಡ್‌ಲೆಸ್ ತೆಗೆದು ಅಮ್ಮನಿಗೆ ಒಂದು ಮೊಬೈಲ್ ಕೊಡಿಸಿಬಿಡಿ.

ಮೈಸೂರ್‌ಹುಡುಗ:

ಅದು ಆಗುವುದಿಲ್ಲ. ಅಮ್ಮನಿಗೆ 71. ಮೊಣಕಾಲು ನೋವು, ವೈರಿನ ಫೋನ್ ಹಾಲ್‌ನಲ್ಲಿ ಹೊಡೆದುಕೊಂಡರೆ ಅಡುಗೆಮನೆಯಿಂದ ಓಡಿ ಬರಲು ಹೋಗಿ ಒಂದು ಸಲ ಹೊಸ್ತಿಲು ತಾಗಿ ಬಿದ್ದರು. ಅದಕ್ಕೇ ಕಾರ್ಡ್‌ಲೆಸ್ ತಂದದ್ದು. ಟಚ್ ಫೋನ್ ಕೊಡಿಸಿದ್ದೆವು, ಕಿವಿಗಿಟ್ಟುಕೊಂಡರೆ ಕೆನ್ನೆ ತಾಗಿ ಕಟ್ಟಾಗುತ್ತೆ ಅಂತ ಬೀರುವಿನಲ್ಲಿ ಇಟ್ಟಿದ್ದಾರೆ. ಈ ಹ್ಯಾಂಡ್‌ಸೆಟ್ಟಿನ ಗುಂಡಿ ದೊಡ್ಡದು, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಈಗ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಿತ್ತಲಿಗೂ ಹೋಗುತ್ತಾರೆ. ಮನೆಯ ನಂಬರ್ 1994ರಿಂದ ಅದೇ, ನೆಂಟರಿಗೆಲ್ಲ ಅದೇ ಗೊತ್ತು. ಆ ಫೋನ್ ಅವರ ಕೈಯಲ್ಲೇ ಇರಬೇಕು, ವೀಣೆ ಪಾಠವೂ ನಡೆಯಬೇಕು. ಹಾಗೆ ಏನಾದರೂ ದಾರಿ ಹೇಳಿ.

ನೆಟ್‌ಗಣಿತ:

ಖಂಡಿತ ದಾರಿ ಇದೆ.

ದುಡ್ಡಿಲ್ಲದ ಕೆಲಸ ಮೊದಲು. ಬೇಸನ್ನೂ ಮೋಡೆಮನ್ನೂ ದೂರ ಮಾಡಿ. ದೂರ ಎರಡರಷ್ಟಾದರೆ ತಲುಪುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ, ನಡುವೆ ಗೋಡೆ ಇದ್ದರೆ ಇನ್ನೂ ಕಡಿಮೆ. ಉದ್ದದ ಫೋನ್ ವೈರ್ ತಂದು ಬೇಸನ್ನು ಬೇರೆ ರೂಮಿಗೆ ಹಾಕಿ. ಮೋಡೆಮ್ ಸೆಟಿಂಗ್‌ನಲ್ಲಿ ಚಾನೆಲ್ ಅಗಲ 40 ಅಂತ ಇದ್ದರೆ 20 ಮಾಡಿ.

ಆಮೇಲೆ 5 ಗಿಗಾಹರ್ಟ್ಜ್, ವೈಫೈ ಓಡುವ ಇನ್ನೊಂದು ಪಟ್ಟಿ. ಅಲ್ಲಿ ನಿಮ್ಮ ಫೋನ್ ಇಲ್ಲವೇ ಇಲ್ಲ. ಮೋಡೆಮ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಎರಡೂ ಪಟ್ಟಿಯಲ್ಲಿ ಓಡುವ ಒಂದು ಡ್ಯುಯಲ್ ಬ್ಯಾಂಡ್ ರೂಟರ್ ತಂದು ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿಡಿ, ಅಂದರೆ ಅದು ವೈಫೈ ಹರಡುವ ಕೆಲಸವನ್ನಷ್ಟೇ ಮಾಡಲಿ. ಆದರೆ 5ರ ಅಲೆ ಗೋಡೆಗೆ ಬೇಗ ಸೋಲುತ್ತದೆ, ಹಳೆಯ ಮನೆಯ ದಪ್ಪ ಗೋಡೆಯಾದರೆ ಹಿಂದಿನ ರೂಮಿಗೆ ಕಷ್ಟ.

ನನ್ನನ್ನು ಕೇಳಿದರೆ ಪಾಠದ ಲ್ಯಾಪ್‌ಟಾಪ್‌ಗೆ ಕೇಬಲ್ ಎಳೆಯಿರಿ. ನೀವೇ ನೋಡಿದಿರಲ್ಲ, ಕೇಬಲ್‌ನಲ್ಲಿ ಒಂದು ಪಿಂಗೂ ಹೋಗಿರಲಿಲ್ಲ.

ಶಿರಸಿಮಳೆ:

ಮಧ್ಯದಲ್ಲಿ ಬಂದು ಕೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲೂ ಇದೇ ಗೋಳು. ಫೋನ್ ರಿಂಗ್ ಆದ ಕೂಡಲೇ ನೆಟ್ ಹೋಗುತ್ತದೆ. ನಮ್ಮದು ತೋಟದ ಮನೆ, ಫೈಬರ್ ಇಲ್ಲ, ಈಗಲೂ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್. ನಮ್ಮದೂ ಕಾರ್ಡ್‌ಲೆಸ್. ಹಾಗಾದರೆ ಅದನ್ನೇ ದೂರ ಇಟ್ಟರೆ ಸಾಕಾ?

ತಂತಿಮನುಷ್ಯ:

ತಡೆಯಿರಿ. ನಾನು ದೂರವಾಣಿ ಇಲಾಖೆಯಲ್ಲಿ ಲೈನ್ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮದು ಬೇರೆ ಕಾಯಿಲೆ ಅನಿಸುತ್ತಿದೆ. ನೆಟ್ ಹೋದಾಗ ಮೋಡೆಮ್‌ನ ಡಿಎಸ್‌ಎಲ್ ದೀಪ ಆರಿ ಮಿಣುಕುತ್ತದಾ, ಇಲ್ಲ ಹಾಗೇ ಉರಿಯುತ್ತದಾ?

ಶಿರಸಿಮಳೆ:

ಮಿಣುಕುತ್ತದೆ ಸರ್. ಎರಡು ನಿಮಿಷ ಮಿಣುಕಿ ಆಮೇಲೆ ನಿಲ್ಲುತ್ತದೆ. ಮಾತಾಡುವಾಗ ಕಿವಿಯಲ್ಲಿ ಗೊರ್ ಅಂತ ಸದ್ದೂ ಇದೆ.

ತಂತಿಮನುಷ್ಯ:

ಹಾಗಾದರೆ ಗಾಳಿಯಲ್ಲಿ ಹೋಗುವ ಅಲೆಗೂ ಇದಕ್ಕೂ ಸಂಬಂಧ ಇಲ್ಲ. ದೀಪ ಆರಿತು ಅಂದರೆ ತಂತಿಯಲ್ಲೇ ಸಂಪರ್ಕ ಕಡಿಯಿತು ಅಂತ. ಒಂದೇ ಜೋಡಿ ತಂತಿಯಲ್ಲಿ ಮಾತೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಮಾತು 4 ಕಿಲೋಹರ್ಟ್ಜ್ ಒಳಗೆ, ನೆಟ್ 25 ಕಿಲೋಹರ್ಟ್ಜ್‌ನಿಂದ ಮೇಲೆ. ಎರಡನ್ನೂ ಬೇರೆ ಮಾಡುವುದು ಸ್ಪ್ಲಿಟರ್ ಅನ್ನುವ ಸಣ್ಣ ಡಬ್ಬಿ. ಅದಕ್ಕೆ ಮೂರು ತೂತು: ಲೈನ್, ಫೋನ್, ಮೋಡೆಮ್.

ಮನೆಯೊಳಗೆ ಬರುವ ಡ್ರಾಪ್ ವೈರ್ ಮೊದಲು ಗೋಡೆಯ ಮೇಲಿನ ಸಣ್ಣ ಜೋಡಣೆ ಡಬ್ಬಿಗೆ ಬರುತ್ತದೆ, ಅದೇ ರೋಸೆಟ್. ಅಲ್ಲಿಂದ ನೇರ ಸ್ಪ್ಲಿಟರ್‌ನ ಲೈನ್ ತೂತಿಗೆ ಹೋಗಬೇಕು. ಮನೆಯ ಅಷ್ಟೂ ಫೋನ್ ಸ್ಪ್ಲಿಟರ್‌ನ ಫೋನ್ ತೂತಿನ ಆಚೆಗೇ ಇರಬೇಕು. ನಾನು ನೋಡಿದ ಹತ್ತಾರು ಮನೆಗಳಲ್ಲಿ ಆಗಿದ್ದ ತಪ್ಪು ಒಂದೇ. ಮಹಡಿಗೋ, ಅಜ್ಜನ ಕೋಣೆಗೋ ಯಾವಾಗಲೋ ಒಂದು ಎಕ್ಸ್‌ಟೆನ್ಷನ್ ಎಳೆದಿರುತ್ತಾರೆ. ಅದನ್ನು ರೋಸೆಟ್‌ನಲ್ಲೇ ಸೇರಿಸಿರುತ್ತಾರೆ, ಸ್ಪ್ಲಿಟರ್‌ಗೆ ಮೊದಲೇ. ಆ ಫೋನ್ ರಿಂಗ್ ಆದಾಗ, ಎತ್ತಿದಾಗ ಮೋಡೆಮ್ ತತ್ತರಿಸುತ್ತದೆ.

ಹೀಗೆ ಮಾಡಿ. ಮನೆಯ ಎಲ್ಲ ಫೋನ್ ಬಿಚ್ಚಿಡಿ. ಮೋಡೆಮ್ ಒಂದೇ ಇರಲಿ. ಅರ್ಧ ಗಂಟೆ ನೋಡಿ. ಆಮೇಲೆ ಒಂದೊಂದೇ ಫೋನ್ ಸಿಕ್ಕಿಸಿ, ಪ್ರತಿ ಸಲ ಮೊಬೈಲ್‌ನಿಂದ ಕರೆ ಮಾಡಿ ದೀಪ ನೋಡಿ. ಯಾವುದನ್ನು ಸಿಕ್ಕಿಸಿದಾಗ ದೀಪ ಆರುತ್ತದೋ ಅದೇ. ನಿಮ್ಮ ಕಡೆ ಮಳೆ ಜಾಸ್ತಿ, ರೋಸೆಟ್ ಬಿಚ್ಚಿ ತಿರುಪು ಹಸಿರುಗಟ್ಟಿದೆಯಾ ಅಂತಲೂ ನೋಡಿ. ಗೊರ್ ಸದ್ದಿಗೆ ಅದೂ ಕಾರಣ ಇರಬಹುದು. ಸಿಡಿಲಿನ ಹೊತ್ತಿನಲ್ಲಿ ಮಾತ್ರ ತಂತಿಗೆ ಕೈ ಹಾಕಬೇಡಿ.

ಶಿರಸಿಮಳೆ:

ಸರ್, ಸಿಕ್ಕಿತು. ಅಟ್ಟದ ಕೋಣೆಯಲ್ಲಿ ಹಳೆಯ ವೈರಿನ ಫೋನ್, ನಾವು ಅದನ್ನು ಮರೆತೇ ಬಿಟ್ಟಿದ್ದೆವು. ರೋಸೆಟ್‌ನಲ್ಲೇ ಸೇರಿಸಿದ್ದರು. ಬಿಚ್ಚಿದ ಮೇಲೆ ನಾಲ್ಕು ಕರೆ ಬಂತು, ದೀಪ ಆರಲಿಲ್ಲ. ಕಾರ್ಡ್‌ಲೆಸ್‌ದು ಏನೂ ತಪ್ಪಿರಲಿಲ್ಲ. ತುಂಬಾ ಉಪಕಾರ ಆಯಿತು.

ಎಡಿಸನ್‌ಕನ್ನಡತಿ:

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ, ಹಾಸನದಲ್ಲಿ ಅಪ್ಪನಿಗೂ ಒಂದು ಕಾರ್ಡ್‌ಲೆಸ್ ಬೇಕಂತೆ. ಇಲ್ಲಿ ಡೆಕ್ಟ್ 6.0 ಅನ್ನುವ ಬಗೆಯ ಕಾರ್ಡ್‌ಲೆಸ್ ಸಿಗುತ್ತದೆ, ನಮ್ಮ ಮನೆಯಲ್ಲಿ ವೈಫೈಗೆ ಯಾವ ತೊಂದರೆಯೂ ಆಗಿಲ್ಲ. 6 ಗಿಗಾಹರ್ಟ್ಜ್ ಅಂದರೆ 2.4ರಿಂದ ಬಹಳ ದೂರ ಅಲ್ವಾ? ಅಪ್ಪನಿಗೂ ಮೈಸೂರಿನ ಆ ಅಮ್ಮನಿಗೂ ಒಂದೊಂದು ತರಲಾ?

ನೆಟ್‌ಗಣಿತ:

ನಿಮ್ಮ ಮನಸ್ಸು ದೊಡ್ಡದು ಅಕ್ಕ, ಆದರೆ ದಯವಿಟ್ಟು ತರಬೇಡಿ. ಆ 6.0 ಬರೀ ಹೆಸರು, ಗಿಗಾಹರ್ಟ್ಜ್ ಅಲ್ಲ. ಅದು ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಜ್‌ನಲ್ಲಿ. ಅಮೆರಿಕದಲ್ಲಿ ಆ ಜಾಗವನ್ನು ಇಂಥ ಫೋನಿಗೆ ಬಿಟ್ಟುಕೊಟ್ಟಿದ್ದಾರೆ. ನಮ್ಮಲ್ಲಿ 1920ರಿಂದ 1980 ಮೊಬೈಲ್ ಕಂಪನಿಗಳಿಗೆ ಸೇರಿದ್ದು, ಮೊಬೈಲು ಟವರಿಗೆ ಮಾತಾಡುವ ದಾರಿ. ನಿಮ್ಮ ಅಪ್ಪನ ಮನೆಯಲ್ಲಿ ಆ ಫೋನ್ ಎತ್ತಿದರೆ ಹತ್ತಿರದ ಟವರಿನ ಕಿವಿಗೆ ಗದ್ದಲ ಹೋಗುತ್ತದೆ, ಇಡೀ ಬೀದಿಯವರ ಮೊಬೈಲ್‌ಗೆ ತೊಂದರೆ. ಅದನ್ನು ಇಲ್ಲಿ ಬಳಸುವ ಹಾಗೇ ಇಲ್ಲ. ಅಲ್ಲಿನ ಅಡಾಪ್ಟರ್ 120 ವೋಲ್ಟಿನದು, ಅದೊಂದು ಬೇರೆ ಕಷ್ಟ.

ಯುರೋಪಿನ ಡೆಕ್ಟ್ 1880ರಿಂದ 1900ರಲ್ಲಿ ಇರುತ್ತದೆ, ಹೆಸರು ಒಂದೇ ಆದರೂ ಜಾಗ ಬೇರೆ. ಹಾಸನದಲ್ಲೇ ಅಂಗಡಿಯಲ್ಲಿ ಕೊಳ್ಳಿ, ಡಬ್ಬಿಯ ಮೇಲೆ ಎಷ್ಟು ಗಿಗಾಹರ್ಟ್ಜ್ ಅಂತ ಓದಿ ಕೊಳ್ಳಿ. ನಮ್ಮಲ್ಲಿ ಮಾರುವುದರಲ್ಲಿ 2.4ರದ್ದು ಬಹಳ ಇದೆ.

ಎಡಿಸನ್‌ಕನ್ನಡತಿ:

ಕೇಳಿದ್ದು ಒಳ್ಳೆಯದಾಯಿತು, ಕಾರ್ಟ್‌ನಿಂದ ತೆಗೆದೆ. ಇದಕ್ಕೂ ಮೊದಲು ನಮ್ಮಲ್ಲಿ 5.8 ಗಿಗಾಹರ್ಟ್ಜ್ ಫೋನ್ ಇತ್ತು. ಅದು ಹ್ಯಾಂಡ್‌ಸೆಟ್‌ಗೆ 5.8ರಲ್ಲಿ ಕಳಿಸಿ, ವಾಪಸ್ 2.4ರಲ್ಲಿ ತರಿಸಿಕೊಳ್ಳುತ್ತಿತ್ತು ಅಂತ ಬಹಳ ದಿನದ ಮೇಲೆ ಗೊತ್ತಾಯಿತು. ಡಬ್ಬಿ ಮೇಲೆ ದೊಡ್ಡದಾಗಿ 5.8 ಅಂತಷ್ಟೇ ಇತ್ತು.

ಕಡಲತೀರ:

ನಮ್ಮ ಮನೆಯಲ್ಲಿ ಮೈಕ್ರೋವೇವ್ ಹಾಕಿದಾಗ ವೈಫೈ ನಿಧಾನ ಆಗುತ್ತದೆ. ಅದೂ ಇದೇ ಪಟ್ಟಿನಾ?

ನೆಟ್‌ಗಣಿತ:

ಹೌದು, ಅದು 2450 ಮೆಗಾಹರ್ಟ್ಜ್ ಆಸುಪಾಸು. ಎರಡು ನಿಮಿಷದ ಮಾತು, ಮೋಡೆಮನ್ನು ಅಡುಗೆಮನೆಯಿಂದ ಆಚೆ ಇಡಿ. ನಿಮ್ಮ ವೈಫೈ 1ರಲ್ಲಿದ್ದರೆ ಪೆಟ್ಟು ಸ್ವಲ್ಪ ಕಡಿಮೆ.

ಮೈಸೂರ್‌ಹುಡುಗ:

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ, ಏನೇನು ಮಾಡಿದೆ ಅಂತ ಹೇಳಲೇಬೇಕು.

ಮೊದಲು ಬೇಸನ್ನು ಹಾಲ್‌ನಿಂದ ಊಟದ ಕೋಣೆಗೆ ತಂದೆ. ಮೋಡೆಮ್‌ಗೂ ಅದಕ್ಕೂ ಈಗ 18 ಅಡಿ, ನಡುವೆ 9 ಇಂಚಿನ ಗೋಡೆ. 100 ಪಿಂಗ್‌ನಲ್ಲಿ 31 ಹೋಗುತ್ತಿದ್ದದ್ದು 8ಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡೆ. ಆದರೆ ಮಾರನೇ ದಿನ ಅಮ್ಮ ಮಾತಾಡುತ್ತಾ ಹಿತ್ತಲಿಗೆ ಹೊರಟರು, ದಾಸವಾಳ ಕೀಳಲು. ದಾರಿ ಪಾಠದ ರೂಮಿನ ಕಿಟಕಿ ಪಕ್ಕವೇ. ಅವರು ಕಿಟಕಿ ದಾಟುವಾಗ ಪಾಠ ಮತ್ತೆ ನಿಂತಿತು. ಬೇಸ್ ಮಾತ್ರ ಅಲ್ಲ, ಕೈಯಲ್ಲಿರುವ ಹ್ಯಾಂಡ್‌ಸೆಟ್ಟೂ ಅಷ್ಟೇ ಕಳಿಸುತ್ತಿರುತ್ತದೆ ಅಂತ ಆಗ ಅರ್ಥವಾಯಿತು. ಬೇಸ್ ಎಲ್ಲಿಟ್ಟರೂ ಅಮ್ಮ ನಡೆದಾಡುವವರೇ. ನಡೆದಾಡಲಿ ಅಂತ ತಾನೇ ಅದನ್ನು ತಂದದ್ದು.

ಅದಕ್ಕೆ ಕೇಬಲ್ ಎಳೆದೆ. ಕ್ಯಾಟ್ 6, ಹಾಲ್‌ನಿಂದ ಸ್ಕರ್ಟಿಂಗ್ ಮೇಲೆ ಕ್ಲಿಪ್ ಹೊಡೆದು ಹಿಂದಿನ ರೂಮಿನ ತನಕ. ಹೊಸ ಲ್ಯಾಪ್‌ಟಾಪ್‌ಗೆ ಲ್ಯಾನ್ ತೂತೇ ಇಲ್ಲ, ಒಂದು ಯುಎಸ್‌ಬಿ ಅಡಾಪ್ಟರ್ ಕೊಂಡೆ. ವೈಫೈ ಆಫ್ ಮಾಡಿಯೇ ಪಾಠ. ಎಂಟು ಪಾಠ ಆಯಿತು, ಒಂದು ಸಲವೂ ನಿಂತಿಲ್ಲ. ಅಮ್ಮ ಅದೇ ಹೊತ್ತಿಗೆ ಕಿಟಕಿ ಆಚೆ ನಿಂತು ಅಕ್ಕನ ಜೊತೆ ಮಾತಾಡುತ್ತಿರುತ್ತಾರೆ.

ಇನ್ನೊಂದು ಉಳಿದಿದೆ. ಮಗನ ಡೆಸ್ಕ್‌ಟಾಪ್ ಯುಎಸ್‌ಬಿ ವೈಫೈ ಡಾಂಗಲ್‌ನಲ್ಲಿ ಓಡುತ್ತದೆ. ಅದು ಫೋನ್ ಬಳಸದಿದ್ದಾಗಲೂ ಕೆಲವೊಮ್ಮೆ ಕುಂಟುತ್ತದೆ, ಅದರಲ್ಲೂ ಅವನು ಬ್ಯಾಕಪ್ ಡಿಸ್ಕ್ ಹಾಕಿದಾಗ.

ನೆಟ್‌ಗಣಿತ:

ಡಿಸ್ಕ್ ಯುಎಸ್‌ಬಿ 3.0 ಇರಬೇಕು, ನೀಲಿ ತೂತು. ಡಾಂಗಲ್ ಅದರ ಪಕ್ಕದ ತೂತಿನಲ್ಲೇ ಇದೆಯಾ? ಯುಎಸ್‌ಬಿ 3.0 ಓಡುವಾಗ 2.4ರ ಪಟ್ಟಿಯಲ್ಲೇ ಗದ್ದಲ ಸೋರುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿದೆ. ಡಾಂಗಲ್‌ಗೆ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಸಿಪಿಯು ಡಬ್ಬಿಯಿಂದ ಮೂರು ಅಡಿ ದೂರ ಮೇಜಿನ ಮೇಲಿಡಿ.

ಮೈಸೂರ್‌ಹುಡುಗ:

ಪಕ್ಕದ್ದೇ ತೂತು, ಎರಡೂ ಹಿಂಬದಿಯಲ್ಲಿ. ಡಾಂಗಲ್ ಮೇಜಿನ ಮೇಲೆ ತಂದೆ, ಡಿಸ್ಕ್ ಓಡುತ್ತಿದ್ದಾಗಲೂ 4 ಮಿಲಿಸೆಕೆಂಡ್ ದಾಟುತ್ತಿಲ್ಲ. ಏಳೂಕಾಲಕ್ಕೆ ಅವನದು ಸ್ವಲ್ಪ ನಿಧಾನವಾಗುತ್ತದೆ, ಆಗ ಅವನು ನಿದ್ದೆಯಲ್ಲಿರುತ್ತಾನೆ.

ಶಿರಸಿಮಳೆ:

ಕೇಬಲ್ ಎಷ್ಟು ಉದ್ದ ತಂದಿರಿ? ಬಾಗಿಲು ಹೇಗೆ ದಾಟಿಸಿದಿರಿ? ನನಗೂ ಅಟ್ಟಕ್ಕೆ ಎಳೆಯಬೇಕು.

ಮೈಸೂರ್‌ಹುಡುಗ:

20 ಮೀಟರ್ ತಂದೆ, 14 ಸಾಕಾಯಿತು. ಬಾಗಿಲ ಚೌಕಟ್ಟಿನ ಮೇಲಿನಿಂದ ಸುತ್ತಿಸಿ ತಂದೆ. ಹೊಸ್ತಿಲ ಮೇಲೆ ಹಾಸಿದ್ದರೆ ಅಮ್ಮನ ಕಾಲಿಗೆ ಸಿಕ್ಕುತ್ತಿತ್ತು.

ತಂತಿಮನುಷ್ಯ:

ಸರಿಯಾಗಿ ಮಾಡಿದ್ದೀರಿ. ಶಿರಸಿಯವರೇ, ಮೂಲೆಯಲ್ಲಿ ಕೇಬಲ್ ಮಡಚಬೇಡಿ, ಬಳೆಯಷ್ಟು ದುಂಡಗೆ ತಿರುಗಿಸಿ. ಕ್ಲಿಪ್ ಮೊಳೆ ಕೇಬಲ್ ಒತ್ತುವಷ್ಟು ಬಿಗಿ ಹೊಡೆಯಬೇಡಿ. ನಾಲ್ಕು ಮೀಟರ್ ಜಾಸ್ತಿಯೇ ತನ್ನಿ.